ಹೊಟ್ಟೆಯೊಳಗಿನ ಕೌದಿ

ನಾನು ಒಂದು ಡ್ರಮ್ಮು. ಡ್ರಮ್ಮುಗಳಲ್ಲೇ ದೊಡ್ಡವನು, ನೆಲದ ಮೇಲೆ ಮಗ್ಗುಲಾಗಿ ಕೂತು, ಪೆಡಲ್ ಒತ್ತುವ ಕಾಲಿನಿಂದ ಏಟು ತಿನ್ನುವವನು. ಬೇರೆ ವಾದ್ಯಗಳನ್ನು ಜನ ಎದೆಗೆ ಅವಚಿಕೊಳ್ಳುತ್ತಾರೆ, ತುಟಿಗೆ ಒತ್ತಿಕೊಳ್ಳುತ್ತಾರೆ. ನನ್ನ ಹಣೆಯಲ್ಲಿ ಬರೆದದ್ದು ಒದೆ. ಹಾಗಾಗಿ ನಾನು ಮನುಷ್ಯರನ್ನು ಗುರುತಿಸುವುದು ಅವರ ಪಾದಗಳಿಂದ. ಮುಖ ನೋಡಿ ಮೋಸ ಹೋದವರನ್ನು ಬೇಕಾದಷ್ಟು ಕಂಡಿದ್ದೇನೆ. ಪಾದ ಅಷ್ಟು ಸಲೀಸಾಗಿ ಸುಳ್ಳು ಹೇಳುವುದಿಲ್ಲ.

ಹುಟ್ಟಿದ್ದು ಲಂಡನ್ನಿನ ಒಂದು ಕಾರ್ಖಾನೆಯಲ್ಲಿ. ತೆಳ್ಳಗೆ ಸೀಳಿದ ಮರದ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಬಗ್ಗಿಸಿ ನನ್ನ ಮೈ ಮಾಡಿದರು. ಎರಡು ಕಡೆಗೂ ಕರುವಿನ ಚರ್ಮ ಬಿಗಿದರು. ಹಾಗಾದರೆ ಕನ್ನಡ ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಹೊಟ್ಟೆಯೊಳಗೆ ಏನಿರುತ್ತದೋ ಅದೇ ಬಾಯಿಗೆ ಬರುತ್ತದೆ. ನನ್ನ ಹೊಟ್ಟೆಯೊಳಗೆ ಏನಿತ್ತು ಎಂಬುದೇ ನನ್ನ ಕಥೆ.

ಮೊದಲು ನಾನು ಒಂದು ನೃತ್ಯಶಾಲೆಯ ಸೇವೆಯಲ್ಲಿದ್ದೆ. ಅಲ್ಲಿ ನನ್ನನ್ನು ಒದೆಯುತ್ತಿದ್ದವನು ಪಾಲಿಶ್ ಮಾಡಿದ ಕರಿ ಬೂಟಿನ ಮುದುಕ. ಒದೆತ ಎನ್ನುವುದೂ ತಪ್ಪು, ಬಾಗಿಲು ತಟ್ಟಿದ ಹಾಗೆ ತಟ್ಟುತ್ತಿದ್ದ. ಆಮೇಲೆ ಹುಡುಗರಿಗೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿಯಿತು, ನೃತ್ಯಶಾಲೆಗೆ ಬೀಗ ಬಿತ್ತು. ನಾನು ಉತ್ತರ ಇಂಗ್ಲೆಂಡಿನ ಒಂದು ಬಟ್ಟೆ ಗಿರಣಿಯ ಊರಿಗೆ ಬಂದು, ಅಂಗಡಿಯೊಂದರ ಗಾಜಿನ ಹಿಂದೆ ಧೂಳು ತಿನ್ನುತ್ತ ಕೂತೆ.

ಅಲ್ಲಿಂದ ನನ್ನನ್ನು ಹೊತ್ತುಕೊಂಡು ಹೋದವನು ಎಲೀಷ. ನಮ್ಮ ಗದಗಿನ ಪಕ್ಕದ ಬೆಟಗೇರಿಯವನು. ನಮ್ಮ ಎಂದೆನಲ್ಲ, ಇರಲಿ, ಅಷ್ಟು ಹಕ್ಕು ನನಗಿದೆ. ಅವನ ಅಕ್ಕ ರಾಹೇಲ ಊರಿನ ಮಿಶನ್ ಆಸ್ಪತ್ರೆಯಲ್ಲಿ ನರ್ಸಿನ ಕೆಲಸ ಕಲಿತು, ಇಂಗ್ಲೆಂಡಿನ ಆಸ್ಪತ್ರೆಗೆ ಬಂದಿದ್ದಳು. ತಂದೆ ಇರಲಿಲ್ಲ. ತಾಯಿ ಊರು ಬಿಟ್ಟು ಬರಲು ಒಪ್ಪಲಿಲ್ಲ, ಮಗನನ್ನು ಮಾತ್ರ ಅಕ್ಕನ ಬೆನ್ನಿಗೆ ಹಚ್ಚಿ ಕಳಿಸಿದಳು. ಜೊತೆಗೆ ತಾನೇ ಹೊಲಿದ ಒಂದು ಕೌದಿ ಕೊಟ್ಟಳು. ಹಳೆಯ ಸೀರೆ, ಧೋತರ, ಖಣದ ತುಂಡುಗಳನ್ನು ಪದರಪದರವಾಗಿ ಹಾಸಿ, ಅಂಗುಲ ಬಿಡದೆ ಹೊಲಿಗೆ ಹಾಕಿದ ದಪ್ಪ ಹೊದಿಕೆ. ಎಲೀಷ ಹಗಲು ಗಿರಣಿಯಲ್ಲಿ ದುಡಿಯುತ್ತಿದ್ದ, ಉಳಿದ ಹೊತ್ತಿನಲ್ಲಿ ಊಟದ ತಟ್ಟೆಯಿಂದ ಹಿಡಿದು ಕಿಟಕಿಯ ತನಕ ಎಲ್ಲವನ್ನೂ ಬಾರಿಸುತ್ತಿದ್ದ. ಮನೆಯ ಪಾತ್ರೆಗಳು ಉಳಿಯಲಿ ಎಂದೇ ರಾಹೇಲ ನನ್ನನ್ನು ಕೊಳ್ಳಲು ಒಪ್ಪಿದ್ದಂತೆ.

ಮನೆಗೆ ತಂದ ದಿನ ಅವನು ಬೂಟು ಕಳಚಿ, ಬರೀ ಕಾಲುಚೀಲದಲ್ಲಿ ನನ್ನನ್ನು ಒದ್ದ. ಅವನು ಕೊನೆಯವರೆಗೂ ಹಾಗೇ ಒದ್ದವನು. ನಾನು ನೃತ್ಯಶಾಲೆಯ ಠೀವಿಯಲ್ಲಿ ಬುಂಯ್ ಎಂದು ಎಳೆದೆ. ಅವನ ಮುಖ ಸಪ್ಪಗಾಯಿತು. ಹಿಂದಿನ ಚರ್ಮ ಬಿಚ್ಚಿ, ಮಂಚದ ಮೇಲಿನ ಕೌದಿ ತಂದು, ಮಡಚಿ ನನ್ನ ಒಳಗಿಟ್ಟ. ಅಷ್ಟರಲ್ಲಿ ರಾಹೇಲ ಒಳಗೆ ಬಂದಳು.

"ಏಯ್, ಅವ್ವನ ಕೌದಿ ಡೋಲಿನ್ಯಾಗ ತುರುಕಾಕತ್ತೀಯಲ್ಲೋ! ಬುದ್ಧಿ ಐತೇನು ನಿನಗ?"

"ಇದರ ಹೊಟ್ಟಿ ಖಾಲಿ ಐತಿ ಅಕ್ಕಾ, ಅದಕ್ಕ ಹಿಂಗ ಒದರತೈತಿ. ಹೊಟ್ಟಿ ಖಾಲಿ ಇಡಬಾರದು ಅಂತ ಅವ್ವನ ಹೇಳತಾಳಲ್ಲ?"

ಅದು ಅವರ ತಾಯಿಯ ಪದ್ಧತಿ. ಕೌದಿಗೆ ಕಡೆಯ ಹೊಲಿಗೆ ಹಾಕುವ ಮೊದಲು, ಒಂದು ಮೂಲೆಯ ಪದರದೊಳಗೆ ಹಿಡಿ ಜೋಳ ಹಾಕಿ ಮುಚ್ಚುತ್ತಿದ್ದಳಂತೆ. ಕೌದಿಗೂ ಹಸಿವಾಗಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎನ್ನುತ್ತಿದ್ದಳಂತೆ.  ಎಲೀಷ ಮತ್ತೆ ಒದ್ದ. ಈ ಸಲ ನನ್ನಿಂದ ಬಂದ ದನಿ ಗಿಡ್ಡ, ಗಟ್ಟಿ, ಬೆಚ್ಚಗಿನದು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರಲ್ಲ, ಅಂದಿನಿಂದ ನಾನೂ ಮರ್ಯಾದಸ್ಥನಾದೆ.

ಗಿರಣಿಯಲ್ಲಿ ಎಲೀಷನ ಪಕ್ಕದ ಮಗ್ಗದಲ್ಲಿ ಕೆನ್ ಎಂಬ ಹುಡುಗನಿದ್ದ. ಕೆಂಚು ಕೂದಲು, ಸವೆದ ಹಿಮ್ಮಡಿಯ ಬೂಟು, ಜೇಬಿನಲ್ಲಿ ಮೌತ್ ಆರ್ಗನ್. ಪಕ್ಕದ ಬಂದರಿಗೆ ಬರುವ ಹಡಗಿನವರ ಹತ್ತಿರ ಅಮೆರಿಕದ ಕಪ್ಪು ಜನರ ರಿದಮ್ ಅಂಡ್ ಬ್ಲೂಸ್ ರೆಕಾರ್ಡುಗಳು ಇರುತ್ತಿದ್ದವು. ಅವನ್ನು ತಂದು, ಗ್ರಾಮಫೋನಿನ ಮುಳ್ಳು ಸವೆಯುವ ತನಕ ಕೇಳಿ, ಅದೇ ಹಾಡುಗಳನ್ನು ಮಗ್ಗದ ಗದ್ದಲದ ಮೇಲೆ ಕಿರುಚುತ್ತಿದ್ದ. ಇಬ್ಬರಿಗೂ ಗಳಸ್ಯ ಕಂಠಸ್ಯ. ಇನ್ನೂ ಮೂವರನ್ನು ಕೂಡಿಸಿಕೊಂಡು ತಂಡ ಕಟ್ಟಿದರು. ಗಿರಣಿಯ ಓಣಿಯ ಹೆಸರೇ ತಂಡದ ಹೆಸರಾಯಿತು: ಟೆಂಟರ್ ಲೇನ್ ಫೈವ್. ಕೆನ್ ಅದನ್ನು ನನ್ನ ಮುಂದಿನ ಚರ್ಮದ ಮೇಲೆ ಕೆಂಪು ಬಣ್ಣದಲ್ಲಿ ಬರೆದ. ಬರೆಯುತ್ತ, "ಒಳಗೆ ಏನಿಟ್ಟಿದ್ದೀಯ ಎಲಿ?" ಎಂದು ಕೇಳಿದ. ಎಲೀಷ ತಾಯಿಯ ಕೌದಿಯ ಕಥೆಯನ್ನೆಲ್ಲ ಹೇಳಿದ, ಜೋಳದ ಕಥೆಯನ್ನೂ ಹೇಳಿದ. ಕೆನ್ ನಗಲಿಲ್ಲ, ನನ್ನ ಮೈ ಸವರಿದ.

ಅವು ನನ್ನ ಒಳ್ಳೆಯ ದಿನಗಳು. ಎಲೀಷನ ಕಾಲು, ಕೆನ್‌ನ ಗಂಟಲು, ನಡುವೆ ನಾನು. ಕೆನ್ ಉಸಿರು ಎಳೆದುಕೊಳ್ಳುವುದು ನನ್ನ ಚರ್ಮಕ್ಕೆ ಮೊದಲೇ ಗೊತ್ತಾಗುತ್ತಿತ್ತು, ಎಲೀಷನ ಹೆಬ್ಬೆರಳಿಗೂ ಗೊತ್ತಾಗುತ್ತಿತ್ತು. ಜನ ಬೆವರಿ ಕುಣಿಯುತ್ತಿದ್ದರು. ನನಗೆ ಬಿದ್ದ ಏಟು ಅವರ ಕಾಲಿನಲ್ಲಿ ಏಳುವುದನ್ನು ನೋಡಿ ನಾನು ಉಬ್ಬಿ ಹೋಗಿದ್ದೆ.

ಆಮೇಲೆ ಲಂಡನ್ನಿನ ಒಂದು ಕಂಪನಿ ರೆಕಾರ್ಡು ಮಾಡಲು ಕರೆಯಿತು. ನಮ್ಮನ್ನು ನಿಲ್ಲಿಸಿದ ಕೋಣೆಯ ಗೋಡೆಗಳಿಗೆಲ್ಲ ಮೆತ್ತೆ ಹೊಡೆದಿತ್ತು. ಎಲೀಷ ಬೂಟು ಕಳಚಿ ಕೂತ. ಗಾಜಿನ ಆಚೆಯಿಂದ ಒಬ್ಬ ಮನುಷ್ಯ ಬಂದು, "ಡ್ರಮ್ಮಿಗೆ ನಮ್ಮವನೇ ಇದ್ದಾನೆ. ನಿಮ್ಮ ಹುಡುಗ ಕುಣಿತದ ಹಾಲ್‌ಗೆ ಸರಿ, ರೆಕಾರ್ಡಿಗೆ ಆಗೋದಿಲ್ಲ" ಎಂದ. ಆ ಕಾಲದಲ್ಲಿ ಅದು ಹೊಸ ಸಂಗತಿಯೇನಲ್ಲ. ಎಷ್ಟೋ ತಂಡಗಳ ಹಾಡಿನಲ್ಲಿ ಡ್ರಮ್ಮು ಬಾರಿಸಿದವರು ಕಂಪನಿಯ ಸಂಬಳದವರೇ. ಎಲೀಷ ಆ ಮನುಷ್ಯನ ಕಡೆ ನೋಡಲೇ ಇಲ್ಲ. ಕೆನ್‌ನ ಕಡೆ ನೋಡಿದ.

"ಕೆನ್?" ಎಂದ.

ಕೆನ್ ಮೌತ್ ಆರ್ಗನ್ನನ್ನು ಅಂಗಿಗೆ ಒರೆಸುತ್ತ ನಿಂತ. ಒರೆಸಿದ, ಒರೆಸಿದ, ತಲೆ ಎತ್ತಲಿಲ್ಲ. ಮಾತು ಆಡಿದರೆ ಹೋಯಿತು ಎಂದು ಗಾದೆ ಹೇಳುತ್ತದೆ. ಆಡದೆ ಹೋದ ಮಾತಿಗೆ ಗಾದೆ ಕಟ್ಟಿದವರು ಯಾರೂ ಇಲ್ಲ. ಎಲೀಷ ಬೂಟು ಮೆಟ್ಟಿಕೊಂಡು ಬಾಗಿಲು ದಾಟಿದ. ಕೋಲುಗಳನ್ನು ಬಿಟ್ಟ, ನನ್ನನ್ನು ಬಿಟ್ಟ, ನನ್ನೊಳಗಿನ ಕೌದಿಯನ್ನೂ ಬಿಟ್ಟ. ಸಿಟ್ಟಿನಲ್ಲಿ ಮೂಗು ಕುಯ್ದುಕೊಂಡರೆ ಶಾಂತವಾದ ಮೇಲೆ ಅದು ಬರುವುದಿಲ್ಲ ಎಂಬ ಗಾದೆಯನ್ನು ಅವನ ತಾಯಿ ಅವನಿಗೆ ಹೇಳದೆ ಇದ್ದಾಳೆಯೇ? ಆದರೂ ಹೋದ.

ಆ ಹಾಡು ಊರೂರಿನ ರೇಡಿಯೋದಲ್ಲಿ ಕೇಳಿತು. ಅದೇ ಚಳಿಗಾಲದಲ್ಲಿ ಬೆಟಗೇರಿಯಲ್ಲಿ ಅವರ ತಾಯಿ ತೀರಿಕೊಂಡಳು. ಆಕೆಯ ಕೈಯ ವಸ್ತು ಎಂದು ಮಕ್ಕಳಿಗೆ ಉಳಿದದ್ದು ಆ ಕೌದಿ ಒಂದೇ, ಅದು ನನ್ನ ಹೊಟ್ಟೆಯಲ್ಲಿತ್ತು. ಹೋಗಿ ತರುತ್ತೇನೆ ಎಂದು ರಾಹೇಲ ಹೊರಟಳಂತೆ, ಎಲೀಷ ಬಾಗಿಲಿಗೆ ಅಡ್ಡ ನಿಂತನಂತೆ. "ನೀ ಕೇಳಬ್ಯಾಡ, ಅಕ್ಕಾ. ಅಂವಗ ಗೊತ್ತೈತಿ ಅದು ಯಾರದು ಅಂತ. ತಾನಾಗೇ ತಂದುಕೊಡ್ಲಿ" ಎಂದು ಅವಳಿಂದ ಮಾತು ತೆಗೆದುಕೊಂಡನಂತೆ. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ.

ಎಲೀಷನ ಜಾಗಕ್ಕೆ ಬಂದವರನ್ನು ಹೇಳುತ್ತ ಹೋದರೆ ಚಪ್ಪಲಿ ಅಂಗಡಿಯ ಪಟ್ಟಿಯಾದೀತು. ಮೊನಚು ಬೂಟಿನವನು ಬಂದ, ಎತ್ತರದ ಹಿಮ್ಮಡಿಯವನು ಬಂದ, ಕ್ಯಾನ್ವಾಸ್ ಶೂ ಹಾಕಿಕೊಂಡು ಅವಸರ ಮಾಡುವವನು ಬಂದ. ಗಿಟಾರಿನವನು ಜಗಳವಾಡಿ ಹೋಗಿ, ಅದೇ ಹೆಸರಿನಲ್ಲಿ ಇನ್ನೊಂದು ತಂಡ ಕಟ್ಟಿದ. ಒಂದೇ ಶನಿವಾರ ಎರಡು ಊರುಗಳಲ್ಲಿ ಎರಡು ಟೆಂಟರ್ ಲೇನ್ ಫೈವ್ ಹಾಡಿದವು. ಕುಣಿತದ ಹಾಲ್‌ಗಳ ಮಾಲೀಕರು ಕೊನೆಗೆ, ಆ ಕೆಂಪು ಅಕ್ಷರದ ಡ್ರಮ್ಮು ಯಾರ ಹತ್ತಿರ ಇದೆಯೋ ಅದೇ ನಿಜವಾದ ತಂಡ ಎಂದು ತೀರ್ಮಾನ ಕೊಟ್ಟರು. ನಾನು ಕೆನ್‌ನ ಹತ್ತಿರ ಇದ್ದೆ. ತಂಡದಲ್ಲಿ ನಾಲ್ಕು ಜನರಿದ್ದಾಗಲೂ ಫೈವ್, ಏಳು ಜನರಿದ್ದಾಗಲೂ ಫೈವ್. ಎಣಿಸುವ ಪುಣ್ಯಾತ್ಮರು ಯಾರೂ ಇರಲಿಲ್ಲ.

ಒಂದು ಮಾತು ಮಾತ್ರ ಬದಲಾಗಲಿಲ್ಲ. ನನ್ನ ಕರುಚರ್ಮ ಹೋಗಿ ಪ್ಲಾಸ್ಟಿಕ್ಕು ಬಂತು, ಕೆಂಪು ಅಕ್ಷರಗಳನ್ನು ಮತ್ತೆ ಮತ್ತೆ ಬರೆದರು. ಆದರೆ ನನ್ನನ್ನು ಬಿಚ್ಚಿದಾಗಲೆಲ್ಲ ಕೆನ್ ಪಕ್ಕದಲ್ಲೇ ನಿಂತು, "ಒಳಗಿನದನ್ನು ಮುಟ್ಟಬೇಡ" ಎನ್ನುತ್ತಿದ್ದ. ದನಿ ಕೆಡುತ್ತದೆಂದು ಹೇಳುತ್ತಾನೆ ಎಂದು ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದೆ.

ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಗುತ್ತದೆ. ನಮ್ಮ ಸಂಗೀತ ಹಳತಾಯಿತು, ತಂಡ ಚದುರಿತು, ನಾನು ಕೆನ್‌ನ ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ಕೂತೆ. ವರ್ಷಗಳ ಮೇಲೆ ಟೀವಿಯಲ್ಲಿ ಒಂದು ಬಿಸ್ಕೀಟಿನ ಜಾಹೀರಾತಿಗೆ ನಮ್ಮ ಹಾಡು ಹಾಕಿದರು. ಬಿಸ್ಕೀಟಿನ ಕೃಪೆಯಿಂದ ನಾವು ಮತ್ತೆ ಹುಟ್ಟಿದೆವು. ಸಮುದ್ರತೀರದ ರಜಾ ಶಿಬಿರಗಳಲ್ಲಿ, ಐಸ್‌ಕ್ರೀಂ ತಿನ್ನುವ ಸಂಸಾರಗಳ ಮುಂದೆ ಹಾಡಿದೆವು. ಅಂಥ ಒಂದು ಮಧ್ಯಾಹ್ನ, ಆಟ ಮುಗಿದ ಮೇಲೆ, ವೇದಿಕೆಯ ಹತ್ತಿರ ನರ್ಸುಗಳು ಹಾಕುವಂಥ ಬಿಳಿ ಬೂಟು ಕಂಡವು. ಒಂದು ಅಂಗೈ ನನ್ನ ಚರ್ಮದ ಮೇಲೆ ಕೂತಿತು.

"ಅವ್ವಾ, ಆರಾಮ ಅದೀಯೇನ?" ಎಂದು ರಾಹೇಲಳ ದನಿ ಒಳಗಿನ ಕೌದಿಯನ್ನು ಮೆಲ್ಲಗೆ ಕೇಳಿತು.

ಕನ್ನಡ ಕೇಳಿ ನನಗೆ ಮೈಯೆಲ್ಲ ಕಂಪಿಸಿತು. ಕೆನ್ ಬಂದು ರಾಹೇಲಳ ಕೈ ಹಿಡಿದುಕೊಂಡ. "ಎಲಿ ಹೇಗಿದ್ದಾನೆ?" ಎಂದು ಕೇಳಿದ.

"ಚೆನ್ನಾಗಿದ್ದಾನೆ. ನೀವೇ ಒಮ್ಮೆ ಮನೆಗೆ ಬಂದು ನೋಡಬಹುದಲ್ಲ, ಕೆನ್."

"ಅವನು ಬರಲಿ. ಅವನ ಜಾಗ ಅವನಿಗಾಗಿ ಹಾಗೇ ಇದೆ ಅಂತ ಹೇಳಿ."

ರಾಹೇಲ ತಮ್ಮನಿಗೆ ಮಾತು ಕೊಟ್ಟವಳು, ಕೌದಿ ಕೇಳಲಿಲ್ಲ. ಇನ್ನೊಮ್ಮೆ ನನ್ನ ಮೇಲೆ ಕೈ ಇಟ್ಟು ಹೋದಳು. ಒದೆ ತಿಂದೇ ಬೆಳೆದ ನನಗೆ ಆ ಕೈಯ ಮೆತ್ತಗಿನ ಭಾರ ಬಹಳ ದಿನ ಉಳಿಯಿತು.

ಆಮೇಲೆ ಒಂದು ವಿಚಿತ್ರ ಕಾಲ ಬಂತು. ತಂಡದವರು ಕೆನ್‌ನನ್ನೇ ಹೊರಗೆ ಹಾಕಿದರು. ತಂಡದ ಹೆಸರು ಬೇಸ್ ಗಿಟಾರಿನವನ ಮಗನ ಕೈಗೆ ಹೋಯಿತು, ನಾನೂ ಅವನ ವ್ಯಾನು ಹತ್ತಿದೆ. ವೇದಿಕೆಯ ಮೇಲೆ, ಅರವತ್ತರ ದಶಕದ ಮೂಲ ತಂಡ, ಎಂದು ಘೋಷಿಸುತ್ತಿದ್ದರು. ಮೂಲದವನು ಅಲ್ಲಿ ನಾನೊಬ್ಬನೇ. ಆಗಿನ ಡ್ರಮ್ಮಿನವನು ದಪ್ಪ ರಬ್ಬರ್ ಅಟ್ಟೆಯ ಭೂಪ. ನನ್ನನ್ನು ಬಿಚ್ಚಿ, ಕೌದಿಯನ್ನು ಎರಡು ಬೆರಳಲ್ಲಿ ಎಳೆದು, "ಚಿಂದಿ, ನಾತ ಹೊಡೀತಿದೆ" ಎಂದು ಬಯಲು ವೇದಿಕೆಯ ಪಕ್ಕ ನಿಂತಿದ್ದ ವ್ಯಾನಿನಡಿಗೆ ಎಸೆದ. ನನ್ನೊಳಗೆ ಸ್ಪಂಜು ತುರುಕಿದ. ಕೌದಿಯ ಮೇಲೆ ವ್ಯಾನಿನ ಎಣ್ಣೆ ತೊಟ್ಟಿಕ್ಕುವುದನ್ನು ನೋಡುತ್ತ ಕೂತೆ. ನನಗೆ ಬಾಯಿ ಇದ್ದೂ ಏನು ಪ್ರಯೋಜನ, ಯಾರಾದರೂ ಒದ್ದರೆ ತಾನೆ ಮಾತು!

ಆಟ ಶುರುವಾಗಿ ಎರಡು ಹಾಡು ಮುಗಿಯುವಷ್ಟರಲ್ಲಿ ಸಭೆಯ ಹಿಂದಿನಿಂದ ಒಬ್ಬ ಎದ್ದು ಬಂದ. ಅದೇ ಸವೆದ ಹಿಮ್ಮಡಿ. ತನ್ನನ್ನು ಹೊರಹಾಕಿದ ತಂಡದ ಆಟಕ್ಕೆ ಕೆನ್ ಟಿಕೀಟು ಕೊಂಡು ಬಂದಿದ್ದ. ನನ್ನ ದನಿ ಕೇಳಿಯೇ ಅವನಿಗೆ ಗೊತ್ತಾಗಿತ್ತು. ಆಟ ಮುಗಿಯಲು ಕಾಯದೆ ಸುತ್ತ ಹುಡುಕಿ, ವ್ಯಾನಿನ ಕೆಳಗೆ ತೆವಳಿ, ಕೌದಿ ಎಳೆದುಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡ. ವ್ಯಾನಿನ ಬಳಿ ನಿಂತಿದ್ದ ಬೇಸಿನವನ ಮಗ ನಕ್ಕ. "ಒಂದು ಹಳೇ ಕಂಬಳಿಗೆ ಇಷ್ಟು ಗೋಳಾ, ಕೆನ್?"

"ಇದು ಎಲಿಯ ತಾಯಿಯದು" ಎಂದ ಕೆನ್. "ಇದು ಇಲ್ಲಿದ್ದರೆ ಇವತ್ತಲ್ಲ ನಾಳೆ ಇದಕ್ಕಾಗಿಯಾದರೂ ಅವನು ಬರ್ತಾನೆ. ಇದೂ ಹೋದರೆ ಅವನು ಬರೋದಕ್ಕೆ ಕಾರಣವೇ ಇರಲ್ಲ."

ಆಗ ನನಗೆ ಅರ್ಧ ಅರ್ಥವಾಯಿತು, ಉಳಿದರ್ಧ ಮುಂದೆ ತಿಳಿಯಿತು. ಕೆನ್ ತಂದುಕೊಡಲಿ ಎಂದು ಎಲೀಷ, ಎಲೀಷ ಕೇಳಿಕೊಂಡು ಬರಲಿ ಎಂದು ಕೆನ್. ಇಬ್ಬರ ನಡುವೆ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ಇಬ್ಬರೂ ಒಂದೇ ವಸ್ತುವನ್ನು ಹಿಡಿದುಕೊಂಡು ಒಬ್ಬರನ್ನೊಬ್ಬರು ಕಾಯುತ್ತಿದ್ದರು. ಇಂಥ ಮೂರ್ಖರನ್ನು ನಾನು ಎಲ್ಲಿಯೂ ಕಾಣೆ, ಇಂಥ ಗೆಳೆಯರನ್ನೂ ಕಾಣೆ.

ಕೆನ್ ಕೌದಿ ಒಗೆದು ಒಣಗಿಸಿದ, ಜಗಳಾಡಿ ನನ್ನನ್ನೂ ಮನೆಗೆ ತಂದು ಅದನ್ನು ಮತ್ತೆ ನನ್ನೊಳಗಿಟ್ಟ. ಬೇಸಿನವನ ಮಗ ಕೆಲವು ವರ್ಷ ಬೇರೆ ಡ್ರಮ್ಮಿನ ಜೊತೆ ತಿರುಗಿ, ಬೇಡಿಕೆ ಕಡಿಮೆಯಾದಾಗ ಕೆನ್‌ನ ಕಾಲಿಗೇ ಬಂದ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಹೀಗೆ ನಮ್ಮ ಕಡೆಯ ಪುನರ್ಜನ್ಮ. ಊರಿನ ಪುರಭವನದಲ್ಲಿ, ಭಾನುವಾರ ಮಧ್ಯಾಹ್ನದ ಆಟ. ನೋಡಲು ಬರುವವರೆಲ್ಲ ಮುದುಕರು, ಕತ್ತಲಾಗುವುದರೊಳಗೆ ಅವರು ಮನೆ ಸೇರಬೇಕು!

ಆಟಕ್ಕೆ ಸ್ವಲ್ಪ ಮೊದಲು ವೇದಿಕೆಯ ಮೇಲೆ ನನ್ನನ್ನು ಜೋಡಿಸುತ್ತಿದ್ದರು. ಎರಡು ಪಾದಗಳು ಮೆಟ್ಟಿಲು ಹತ್ತಿ ಬಂದವು. ನಿಧಾನವಾದ ಪಾದಗಳು, ಊದಿಕೊಂಡ ಕಣಕಾಲು. ಆದರೂ ಹೆಬ್ಬೆರಳು ಒಳಗಿನಿಂದ ತಾಳ ಹಾಕುವ ರೀತಿ ನನಗೆ ಗೊತ್ತಿರದೆ ಇರುತ್ತದೆಯೇ? ಎಲೀಷ ಬಂದಿದ್ದ.

"ಕೆನ್, ಅಕ್ಕನಿಗೆ ಹುಷಾರಿಲ್ಲ" ಎಂದ. "ಹಾಸಿಗೆ ಹಿಡಿದು ತಿಂಗಳಾಯಿತು. ಕಾಲು ತಣ್ಣಗಾಗುತ್ತವೆ, ಅವ್ವನ ಕೌದಿ ಹೊದ್ದು ಒಂದು ನಿದ್ದೆ ಮಾಡಬೇಕು ಅನ್ನುತ್ತಾಳೆ. ಇಷ್ಟು ವರ್ಷ ಬಾಯಿ ಬಿಡದವಳು ಇವತ್ತು ಕೇಳಿದಳು. ಕೊಟ್ಟುಬಿಡು."

 ಕೆನ್ ಎಲೀಷನ ಎರಡೂ ಭುಜ ಹಿಡಿದುಕೊಂಡ. "ಅವತ್ತು ನಾನು ಬಾಯಿ ಬಿಡಬೇಕಿತ್ತು, ಎಲಿ. ಅವನಿಲ್ಲದೆ ಹಾಡಲ್ಲ ಅಂತ ಹೇಳಬೇಕಿತ್ತು. ಹೆದರಿಬಿಟ್ಟೆ."

 ಎಲೀಷನ ಕಣ್ಣು ನನ್ನ ಹಿಂದಿನ ಸ್ಟೂಲಿನ ಮೇಲೆ ಹೋಗಿ ನಿಂತಿತು. ಕೆನ್ ಅದನ್ನು ಕಂಡ. "ಒಂದು ಹಾಡು. ಒಂದೇ ಒಂದು. ಮುಗಿದ ಕೂಡಲೆ ಡ್ರಮ್ಮಿನ ಸಮೇತ ನಾನೇ ನಿನ್ನನ್ನು ಮನೆಗೆ ಮುಟ್ಟಿಸ್ತೀನಿ."

ಎಲೀಷ ಮನೆಗೆ ಫೋನು ಮಾಡಿದ. ಅಕ್ಕನ ಪಕ್ಕ ಕೂರಿಸಿ ಬಂದಿದ್ದ ನೆರೆಮನೆಯ ಜಮೀಲಾ, ಅಕ್ಕ ನಿದ್ದೆ ಮಾಡುತ್ತಿದ್ದಾರೆ, ನೀವು ಗಾಬರಿಯಾಗಬೇಡಿ ಎಂದಳಂತೆ. ಅವನು ಬೂಟು ಕಳಚಿ ಕೂತ.

ಆ ಮಧ್ಯಾಹ್ನದ ಬಗ್ಗೆ ಏನು ಹೇಳಲಿ? ಕಾಲುಚೀಲದ ಆ ಪಾದ ಪೆಡಲಿನ ಮೇಲೆ ಕೂತಿತು, ನಾನು ಬಾಯಿ ತೆರೆದೆ, ಕೆನ್ ಉಸಿರು ಎಳೆದ. ನಡುವಿನ ಅಷ್ಟೂ ವರ್ಷ ಎಲ್ಲಿ ಹೋದವೋ! ಮುದುಕರು ಎದ್ದು ನಿಂತರು, ಊರುಗೋಲು ಕುರ್ಚಿಗೆ ಒರಗಿಸಿ ಕುಣಿದರು. ಒಂದು ಹಾಡು ಎರಡಾಯಿತು. ಎಲೀಷ ಏಳಲು ನೋಡಿದ, ಜನ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಅವನ ಕಾಲೂ ಬಿಡಲಿಲ್ಲ. ಆಟ ಪೂರ್ತಿ ಮುಗಿಯುವ ತನಕ ಬಾರಿಸಿದ. ನನ್ನ ಬಾಳಿನಲ್ಲಿ ಅಷ್ಟು ಸುಖ ನಾನು ಉಂಡಿಲ್ಲ. ಆ ಸುಖವನ್ನು ಈಗ ನೆನೆದರೆ ಸಂಕಟವಾಗುತ್ತದೆ.

ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಇಬ್ಬರೂ ನನ್ನನ್ನು ಹಿಡಿದು ನಡುಮನೆಗೆ ತಂದು, ಅಲ್ಲೇ ಮೊಣಕಾಲೂರಿ ಚರ್ಮ ಬಿಚ್ಚಿದರು. ಕೌದಿ ಹೊರಗೆ ಬಂತು. ಎಲೀಷ ಅದನ್ನು ಕೊಡವಿ, ಎದೆಗೆ ಹಿಡಿದು ಒಳಕೋಣೆಗೆ ಹೋದ. "ಅಕ್ಕಾ, ತಂದೀನ ನೋಡ. ಕೆನ್‌ನೂ ಬಂದಾನ" ಎನ್ನುವುದು ಕೇಳಿತು. ಅರ್ಧ ತೆರೆದ ಬಾಗಿಲಿನಿಂದ ನನಗೆ ಕಂಡದ್ದು ಹಾಸಿಗೆಯ ತುದಿ, ರಾಹೇಲಳ ಎರಡು ಪಾದ. ಎಲೀಷ ಅವುಗಳ ಮೇಲೆ ಕೌದಿ ಹೊದಿಸಿದ. ಹೊದಿಸಿದವನು ಪಾದ ಮುಟ್ಟಿದ, ಅಂಗೈಯಲ್ಲಿ ಉಜ್ಜಿದ, ಮತ್ತೂ ಉಜ್ಜಿದ.

ಜಮೀಲಾ ಅಡುಗೆಮನೆಯಿಂದ ಬಂದು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. "ಈಗಷ್ಟೇ ಟೀ ಇಡೋಕೆ ಹೋದೆ. ಮಲಗಿದ್ದರು, ಎಲೀಷ ಭಾಯಿ, ಸುಮ್ಮನೆ ಮಲಗಿದ್ದರು" ಎಂದು ಅತ್ತಳು.

ಎಲೀಷ ನೆಲದ ಮೇಲೆ ಕೂತುಬಿಟ್ಟ. "ಒಂದ ಹಾಡು ಅಂತ ಹೇಳಿ ಕೂತ್ನಿ ಅಕ್ಕಾ" ಎಂದ. ಕೆನ್ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಆ ಭಾಷೆ ಬಾರದು, ಆದರೆ ಏನು ಹೇಳಿದ್ದೆಂದು ತಿಳಿಯಿತು. ಈ ಸಲ ಅವನು ಸುಮ್ಮನೆ ನಿಲ್ಲಲಿಲ್ಲ. ಹೋಗಿ ಗೆಳೆಯನ ಪಕ್ಕ ನೆಲದ ಮೇಲೆ ಕೂತು, "ತಪ್ಪು ನನ್ನದು. ಎರಡು ಸಲವೂ ನನ್ನದು" ಎಂದ.

ಕೌದಿಯನ್ನು ರಾಹೇಲಳ ಜೊತೆಗೇ ಮಣ್ಣಿಗೆ ಇಟ್ಟರು. ಬೇಸಿನವನ ಮಗ ಹೊಸ ಡ್ರಮ್ಮು ತಂದು ತಂಡ ನಡೆಸುತ್ತಿದ್ದಾನಂತೆ. ಈಗ ಅದರಲ್ಲಿ ಸರಿಯಾಗಿ ಐದು ಜನ ಇದ್ದಾರಂತೆ, ದೇವರು ದೊಡ್ಡವನು. ಕೆನ್ ಹಾಡುವುದನ್ನು ಬಿಟ್ಟ. ನಾನು ಎಲೀಷನ ಮನೆಯಲ್ಲಿ, ರಾಹೇಲಳ ಕುರ್ಚಿಯ ಪಕ್ಕದ ಮೂಲೆಯಲ್ಲಿ ಉಳಿದೆ.

ಭಾನುವಾರ ಕೆನ್ ಬಸ್ಸು ಹಿಡಿದು ಬರುತ್ತಾನೆ. ಇಷ್ಟು ಸುಲಭದ ದಾರಿ ಎಂದು ಅವನಿಗೂ ಈಗ ಗೊತ್ತಾಗಿದೆ. ಒಂದು ಭಾನುವಾರ ಎಲೀಷ ಯಾಕೋ ಎದ್ದು ಬಂದು, ಚಪ್ಪಲಿ ಬಿಟ್ಟು, ನನ್ನನ್ನು ಮೆಲ್ಲಗೆ ಒದ್ದ. ನಾನು ಬುಂಯ್ ಎಂದು ಎಳೆದೆ. ತಡೆಯಲು ನೋಡಿದೆ, ಆಗಲಿಲ್ಲ. ದನಿ ಗೋಡೆಗೆ ಹೋಗಿ ಹೋಗಿ ಬಡಿಯಿತು. ಎಲೀಷ ಅಡುಗೆಮನೆಗೆ ಹೋಗಿ, ಅಕ್ಕ ರೊಟ್ಟಿಗೆಂದು ಊರಿನಿಂದ ತರಿಸಿ ಇಟ್ಟಿದ್ದ ಜೋಳದ ಡಬ್ಬಿ ತಂದ. ಚರ್ಮ ಬಿಚ್ಚಿ, ಒಂದು ಹಿಡಿ ನನ್ನೊಳಗೆ ಹಾಕಿದ. ಹಾಕಿ ಕೆನ್‌ನ ಕಡೆ ತಿರುಗಿ ಏನೋ ವಿವರಿಸಲು ಹೊರಟ.

"ಗೊತ್ತು" ಎಂದ ಕೆನ್. "ಹೊಟ್ಟೆ ಖಾಲಿ ಇರಬಾರದು. ನಾನು ಅಕ್ಷರ ಬರೆದ ದಿನವೇ ನೀನು ಹೇಳಿದ್ದೆ."

ನನ್ನನ್ನು ಈಗ ಯಾರೂ ಒದೆಯುವುದಿಲ್ಲ. ಒದೆಯಲ್ಲೇ ಹುಟ್ಟಿ ಬೆಳೆದವನಿಗೆ ಇದು ಒಗ್ಗುವುದು ಕಷ್ಟ. ಒಬ್ಬರ ವಸ್ತುವನ್ನು ಒಬ್ಬರಿಗೆ ಮುಟ್ಟಿಸಲು ಒಂದು ಬಸ್ಸು, ಒಂದು ಮಾತು ಸಾಕಿತ್ತು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಒಂದು ಆಯುಷ್ಯವನ್ನೇ ಕಳೆದೆ. ಹೊರಗೆ ಬಸ್ಸು ಹೋದಾಗ ನೆಲ ಅದುರಿ, ಜೋಳದ ಕಾಳು ನನ್ನೊಳಗೆ ಸರಸರ ಎಂದು ಸರಿಯುತ್ತವೆ. ಇಬ್ಬರು ಮುದುಕರೂ ಟೀ ಕೆಳಗಿಟ್ಟು, ಖಾಲಿ ಕುರ್ಚಿಯ ಕಡೆ ನೋಡುತ್ತ ಕೇಳಿಸಿಕೊಳ್ಳುತ್ತಾರೆ.